ಅಸಲು ಉಳಿದರೆ ಸಾಕೇ?

ಬೈಲುಕುಪ್ಪೆಯ ಸೆರಾ ಮಠಕ್ಕೆ ಸೇರಿದ ಹುಡುಗ ತರ್ಕ, ವಿನಯ, ಮಾಧ್ಯಮಿಕ ದರ್ಶನಗಳನ್ನು ಓದಿ ಮುಗಿಸಿ ಗೆಶೆ ಪದವಿ ಪಡೆಯುವ ಹೊತ್ತಿಗೆ ಸುಮಾರು ಇಪ್ಪತ್ತು ವರ್ಷ ಕಳೆದಿರುತ್ತದೆ. ಅಷ್ಟು ಕಾಲವೂ ಅವನಿಗೆ ಊಟ, ಬಟ್ಟೆ, ಔಷಧಿ, ಪುಸ್ತಕ, ಪಾಠ ಹೇಳುವ ಗುರು ಎಲ್ಲವೂ ಬೇಕು. ಆದರೆ ಇಪ್ಪತ್ತು ವರ್ಷ ಒಂದೇ ಸಮನೆ ಕೊಡುವ ದಾನಿ ಸಿಗುವುದು ಅಪರೂಪ. ಬೌದ್ಧ ಸಂಘವನ್ನು ಮುಂದಿನ ತಲೆಮಾರಿಗೆ ದಾಟಿಸುವುದು ಹೇಗೆ ಎಂಬ ಪ್ರಶ್ನೆ ಕಗ್ಗಂಟಾಗುವುದು ಇಲ್ಲಿಯೇ.

ಈ ಪ್ರಶ್ನೆ ಹೊಸದಲ್ಲ. ಸುಮಾರು ಹತ್ತೊಂಬತ್ತು ಶತಮಾನಗಳ ಹಿಂದೆ ಕ್ಷಹರಾತ ದೊರೆ ನಹಪಾನನ ಅಳಿಯ ಉಷವದಾತ ನಾಸಿಕದ ಬೆಟ್ಟದಲ್ಲಿ ಭಿಕ್ಷುಗಳಿಗಾಗಿ ಗುಹೆ ಕೊರೆಸಿದ. ಕೊರೆಸಿ ಸುಮ್ಮನಾಗಲಿಲ್ಲ. ಗೋವರ್ಧನದ ನೇಕಾರರ ಶ್ರೇಣಿಯೊಂದರಲ್ಲಿ, ಅಂದರೆ ವೃತ್ತಿಸಂಘದಲ್ಲಿ, 2000 ಕಾರ್ಷಾಪಣ ನಾಣ್ಯಗಳನ್ನು ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿಗೆ ಇಟ್ಟ. ಇನ್ನೊಂದು ಶ್ರೇಣಿಯಲ್ಲಿ 1000ವನ್ನು ನೂರಕ್ಕೆ ಮುಕ್ಕಾಲರ ಬಡ್ಡಿಗೆ ಇಟ್ಟ. ಅಸಲನ್ನು ಯಾರೂ ಮುಟ್ಟುವಂತಿಲ್ಲ, ಬಡ್ಡಿ ಮಾತ್ರ ಬಳಕೆಗೆ. ಅದಕ್ಕೆ ಅಕ್ಷಯನೀವಿ ಎಂದು ಹೆಸರು. ಗುಹೆಯಲ್ಲಿ ಮಳೆಗಾಲ ಕಳೆಯುವ ಇಪ್ಪತ್ತು ಭಿಕ್ಷುಗಳಿಗೆ ತಲಾ ಹನ್ನೆರಡು ಕಾರ್ಷಾಪಣ ಚೀವರಕ್ಕೆಂದು ಶಾಸನ ಹೇಳುತ್ತದೆ. ಲೆಕ್ಕ ಹಾಕಿ ನೋಡಿ: ಮೊದಲ ಠೇವಣಿಯ ವರ್ಷದ ಬಡ್ಡಿ 240, ಇಪ್ಪತ್ತು ಜನರಿಗೆ ಹನ್ನೆರಡರಂತೆ ಹಂಚಿದರೂ 240. ಒಂದು ಕಾಸೂ ಹೆಚ್ಚುಕಡಿಮೆ ಇಲ್ಲ. ಕಟ್ಟಡ ಕೊಟ್ಟವನೇ ಅದರೊಳಗೆ ಬಾಳುವವರ ಬಟ್ಟೆಯ ಚಿಂತೆಯನ್ನೂ ಮಾಡಿದ್ದು ಇಂದಿನ ದಾನಿಗಳಿಗೆ ಪಾಠವಾಗಬೇಕು.

ಆದರೂ ನಾಸಿಕದ ಗುಹೆಗಳು ಖಾಲಿಯಾದವು. ನಮ್ಮ ಡಂಬಳದ ಕಥೆಯೂ ಅದೇ. ಆರನೆಯ ವಿಕ್ರಮಾದಿತ್ಯನ ಕಾಲದ 1095ರ ಶಾಸನ ಅಲ್ಲಿ ಹದಿನಾರು ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನೂ ಲೊಕ್ಕಿಗುಂಡಿಯ (ಇಂದಿನ ಲಕ್ಕುಂಡಿಯ) ಸೆಟ್ಟಿಯೊಬ್ಬ ಕಟ್ಟಿಸಿದ ತಾರಾದೇವಿಯ ವಿಹಾರವನ್ನೂ ಹೆಸರಿಸುತ್ತದೆ. ಇವತ್ತು ಡಂಬಳಕ್ಕೆ ಹೋದವರು ನೋಡಿ ಬರುವುದು ದೊಡ್ಡಬಸಪ್ಪನ ಗುಡಿಯನ್ನು. ಕಾರಣಗಳು ಹಲವು ಇದ್ದಾವು. ನನಗೆ ಮುಖ್ಯವಾಗಿ ಕಾಣುವುದು ಒಂದು. ಸೆಟ್ಟಿಗಳ ಮಕ್ಕಳು, ಮೊಮ್ಮಕ್ಕಳು ವಿಹಾರವನ್ನು ತಮ್ಮದೆಂದುಕೊಳ್ಳುವುದನ್ನು ಬಿಟ್ಟ ಮೇಲೆ ತಾಮ್ರಪಟವೋ ಕಲ್ಬರಹವೋ ಭಿಕ್ಷುಗಳನ್ನು ಕಾಯಲಾರದು. ನಿಧಿ ಬೇಕೇ ಬೇಕು, ಆದರೆ ಅದನ್ನು ನೋಡಿಕೊಳ್ಳುವ ನೆರೆಹೊರೆ ಅದಕ್ಕಿಂತ ಹೆಚ್ಚು ಬೇಕು.

ನೆರೆಹೊರೆಯ ಬಲ ಸೆರಾದ ಕಥೆಯಲ್ಲೂ ಕಾಣುತ್ತದೆ. ಅದು 1419ರಲ್ಲಿ ಲ್ಹಾಸಾದ ಹೊರವಲಯದಲ್ಲಿ ಹುಟ್ಟಿದ್ದು. ಟಿಬೆಟ್‌ನ ದೊಡ್ಡ ಮಠಗಳು ಹಳ್ಳಿಗಳನ್ನೂ ಹೊಲಗಳನ್ನೂ ಹೊಂದಿದ್ದವು. 1959ರಲ್ಲಿ ಚೀನಾದ ದಮನದೊಂದಿಗೆ ಎಲ್ಲವೂ ಕೈತಪ್ಪಿತು. ಭಾರತಕ್ಕೆ ತಪ್ಪಿಸಿಕೊಂಡು ಬಂದ ಭಿಕ್ಷುಗಳು ಬಂಗಾಳದ ಬಕ್ಸಾ ಶಿಬಿರದಲ್ಲಿ ವರ್ಷಗಟ್ಟಲೆ ಕಳೆದರು. 1970ರ ಸುಮಾರಿಗೆ ಮುನ್ನೂರರಷ್ಟು ಜನ ಬೈಲುಕುಪ್ಪೆಗೆ ಬಂದು, ಕಾಡು ಕಡಿದು, ಮುಸುಕಿನ ಜೋಳ ಬೆಳೆದು ಮಠ ಎಬ್ಬಿಸಿದರು. ಆ ಭೂಮಿ ಅಂದಿನ ಮೈಸೂರು ರಾಜ್ಯ ಟಿಬೆಟನ್ನರಿಗೆ ಗುತ್ತಿಗೆಗೆ ಕೊಟ್ಟದ್ದು. ಪಕ್ಕದ ಟಿಬೆಟನ್ ವಸತಿಗಳ ಗೃಹಸ್ಥರು ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿ ಬಂದ ಹಣದಲ್ಲಿ ಮಠಕ್ಕೂ ಪಾಲು ಕೊಟ್ಟರು. ಆ ಕಾಲದಲ್ಲಿ ಕೊಡುವವರು ಬಡವರಾಗಿದ್ದರು, ಆದರೆ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿದ್ದರು.

ಈಗ ಹಣ ಬಹುಪಾಲು ದೂರದಿಂದ ಬರುತ್ತದೆ. ಬೆಳಗಿನ ಸಭೆಯಲ್ಲಿ ಸಾಲುಸಾಲಾಗಿ ಕೂತ ಭಿಕ್ಷುಗಳ ನಡುವೆ ಎಳೆಯ ಹುಡುಗರು ದೊಡ್ಡ ಕೆಟಲ್‌ಗಳನ್ನು ಹೊತ್ತು ಬೆಣ್ಣೆ ಚಹಾ ಬಗ್ಗಿಸುತ್ತ ಓಡುತ್ತಾರೆ. ಆ ದಿನದ ಚಹಾ ಯಾರೋ ಒಬ್ಬ ದಾನಿಯದು. ಹಿಂದೆಯೇ ಪ್ರತಿಯೊಬ್ಬರ ಕೈಗೆ ಅವನದೇ ನೋಟು ಬೀಳುವುದೂ ಉಂಟು. ಶ್ರದ್ಧೆಯ ದಾನವೇ ಅದು, ಎರಡು ಮಾತಿಲ್ಲ. ಆದರೆ ಒಂದು ದಿನದ ಚಹಾಕ್ಕೂ ಹೊಸ ಪ್ರಾರ್ಥನಾ ಮಂದಿರಕ್ಕೂ ಕೊಡುವವರು ಸಿಕ್ಕಷ್ಟು ಸುಲಭವಾಗಿ ಅಧ್ಯಾಪಕರ ಖರ್ಚಿಗೆ, ಮುದಿ ಭಿಕ್ಷುವಿನ ಡಯಾಲಿಸಿಸ್‌ಗೆ, ಸೋರುವ ಛಾವಣಿಗೆ ಕೊಡುವವರು ಸಿಗುವುದಿಲ್ಲ. ಜೊತೆಗೆ ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ನಂತರ ಹೊರದೇಶದ ದೇಣಿಗೆ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ದೂರದ ಹಣವನ್ನೇ ನೆಚ್ಚಿ ಕೂರುವುದು ಜಾಣತನವಲ್ಲ.

ಸಂಸಾರ ಬಿಟ್ಟುಬಂದವರಿಗೆ ನಿಧಿ, ಬಡ್ಡಿ, ಲೆಕ್ಕಪತ್ರ ಏಕೆ ಎಂದು ಕೇಳುವವರಿದ್ದಾರೆ. ಅವರ ಆಕ್ಷೇಪಕ್ಕೆ ತೂಕವಿದೆ. ಚಿನ್ನ ಬೆಳ್ಳಿ ಮುಟ್ಟಬಾರದೆಂಬ ನಿಯಮದ ಮೇಲೆಯೇ ಬುದ್ಧನ ನಂತರದ ಕಾಲದಲ್ಲಿ ವೈಶಾಲಿಯಲ್ಲಿ ಸಂಘ ಜಗಳವಾಡಿತ್ತು. ಆದರೆ ಸಂಘದ ನಿಯಮಾವಳಿಯಾದ ಅದೇ ವಿನಯ, ಭಿಕ್ಷುವಿನ ಪರವಾಗಿ ಹಣ ನೋಡಿಕೊಳ್ಳುವ ಗೃಹಸ್ಥನಿಗೂ ಜಾಗ ಕೊಟ್ಟಿದೆ. ಲೆಕ್ಕ ಗೃಹಸ್ಥರ ಕೈಯಲ್ಲಿರಲಿ, ಎಲ್ಲರೂ ಓದುವಂತಿರಲಿ, ಅಸಲು ಭದ್ರವಾಗಿರಲಿ, ಕಟ್ಟಡಕ್ಕೆ ಬಂದ ಪ್ರತಿ ದಾನದಲ್ಲೂ ಒಂದು ಪಾಲು ಅದರ ಪಾಲನೆಗೆ ತೆಗೆದಿಡುವಂತಾಗಲಿ. ಸಂಘ ಕೆಡುವುದು ಹಣದ ಸುದ್ದಿ ಮುಚ್ಚಿಟ್ಟಾಗ.

ಹಣಕ್ಕಿಂತ ಕಠಿಣವಾದದ್ದು ಜನರ ಪ್ರಶ್ನೆ. 2008ರ ನಂತರ ಟಿಬೆಟ್‌ನಿಂದ ಹೊಸ ಹುಡುಗರು ಬರುವುದು ಬಹುತೇಕ ನಿಂತಿದೆ. ವಸತಿಗಳ ಯುವಕರು ಅಮೆರಿಕ, ಕೆನಡಾ, ಯೂರೋಪಿಗೆ ಹೊರಟಿದ್ದಾರೆ. ಮನೆಗಳಲ್ಲಿ ಮಕ್ಕಳೂ ಕಡಿಮೆ. ಲಡಾಖ್, ಸ್ಪಿತಿ, ಅರುಣಾಚಲ, ನೇಪಾಳದ ಮಕ್ಕಳು ಮಠದಲ್ಲಿ ಆ ಹುಡುಗರ ಜಾಗ ತುಂಬುತ್ತಿದ್ದಾರೆ, ಅದು ಸಂತೋಷದ ಸಂಗತಿ. ಆದರೆ ಹೊರಟುಹೋದ ಗೃಹಸ್ಥರ ಜಾಗ ತುಂಬುವವರು ಯಾರು? ಐದು ದಶಕಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಬೈಲುಕುಪ್ಪೆಯ ಮಠಗಳು ಮೈಸೂರು, ಹುಣಸೂರು, ಕುಶಾಲನಗರದವರಿಗೂ ಸೇರಿದವಾಗಬೇಕು ಎಂಬುದು ನನ್ನ ಖಚಿತ ನಿಲುವು. ಅದಕ್ಕೆ ಅಲ್ಲಿ ಕನ್ನಡದಲ್ಲಿ ಪಾಠ, ಪ್ರವಚನ ಹೆಚ್ಚಬೇಕು. ಮಠದ ಆಸ್ಪತ್ರೆಯ ಬಾಗಿಲಲ್ಲಿ ಸುತ್ತಲ ಹಳ್ಳಿಯ ರೈತನಿಗೆ ಮುಜುಗರವಾಗಬಾರದು.

ನಮ್ಮ ಪಾಲಿನ ಕೆಲಸವೂ ಇದೆ. ಮಡಿಕೇರಿಗೆ ಹೋಗುವಾಗ ಬೈಲುಕುಪ್ಪೆಯಲ್ಲಿ ಗೋಲ್ಡನ್ ಟೆಂಪಲ್ ಎಂದು ಇಳಿದು, ಬಂಗಾರದ ಬುದ್ಧನ ಮುಂದೆ ಫೋಟೊ ತೆಗೆಸಿಕೊಂಡು ಕಾರು ಹತ್ತುತ್ತೇವೆ. ಈ ಸಲ ಹೋದಾಗ ಮಠದ ಕಚೇರಿಗೂ ಹೋಗಿ. ಎಳೆಯ ಭಿಕ್ಷುಗಳ ಓದಿಗೋ ವಯಸ್ಸಾದವರ ಔಷಧಿಗೋ ಕೈಲಾದಷ್ಟು ಕೊಟ್ಟು ರಸೀದಿ ಕೇಳಿ ಪಡೆಯಿರಿ. ಮುಂದಿನ ವರ್ಷವೂ ಕೊಡಿ.