ಬಿಸಿಲು ಬಿಟ್ಟಿ, ಫಲಕವಲ್ಲ

ಸೂರ್ಯರಶ್ಮಿಗೆ ಬೆಲೆಯಿಲ್ಲ, ಅದನ್ನು ವಿದ್ಯುಚ್ಛಕ್ತಿಯಾಗಿ ಮಾರ್ಪಡಿಸುವ ಸೌರಫಲಕಗಳಿಗೆ ಬೆಲೆಯುಂಟು. ಆದುದರಿಂದ ಅವನ್ನು ಮಾಳಿಗೆಗೆ ಏರಿಸುವ ಮುನ್ನ ಲೆಕ್ಕ ಹಾಕುವುದು ವಿಹಿತ.

ಕರ್ನಾಟಕದ ಬಿಸಿಲಿನಲ್ಲಿ 3 ಕಿಲೋವಾಟ್ ಫಲಕಗಳು ವರ್ಷಕ್ಕೆ ಸುಮಾರು 4,000 ಯೂನಿಟ್ ಶಕ್ತಿಯನ್ನೀಯುತ್ತವೆ. ಅಷ್ಟನ್ನೂ ಬಳಸುವ ಮನೆಗೆ, ಯೂನಿಟ್ಟಿಗೆ 6 ರೂಪಾಯಿಯಂತೆ, ಪ್ರತಿವರ್ಷ 24,000 ರೂಪಾಯಿ ಉಳಿಯುವುದು. ವೆಚ್ಚ 1,80,000 ರೂಪಾಯಿ ಎಂದಿಟ್ಟುಕೊಳ್ಳೋಣ. 2024ರ ಕೇಂದ್ರ ಯೋಜನೆಯ ಸಹಾಯಧನ 78,000 ಕಳೆದರೆ ನಾವು ತೆರುವುದು 1,02,000. ನಾಲ್ಕೂಕಾಲು ವರ್ಷಗಳಲ್ಲಿ ಹಣ ಮರಳುವುದು. ಫಲಕಗಳು ಸುಮಾರು ಇಪ್ಪತ್ತೈದು ವರ್ಷ ಬಾಳುವುವು.

ಆದರೆ 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಿಂದ ಬಿಲ್ಲೇ ಬಾರದ ಮನೆಗೆ ಈ ಉಳಿತಾಯವೆಲ್ಲಿ? ಅಂಥವರು ನೆರೆಯವರನ್ನು ನೋಡಿ ಸಾಲ ಮಾಡುವುದು ಸಲ್ಲದೆಂದು ನಮ್ಮ ಅಭಿಪ್ರಾಯ. ವಿದ್ಯಾರ್ಥಿಗಳು ಮನೆಯ ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಈ ಭಾಗಾಕಾರವನ್ನು ತಾವೇ ಮಾಡಿ ನೋಡಲಿ.