ಉಪ್ಪಾಗೆಯ ಹುಳಿಗೆ ನಾವೇ ಬೆಲೆ ಕಟ್ಟೋಣ

ಮಳೆ ಹಿಡಿಯಿತೆಂದರೆ ಮಲೆನಾಡಿನ ಹಳ್ಳದ ಬದಿಗಳಲ್ಲಿ ಉಪ್ಪಾಗೆ ಹಣ್ಣಾಗುತ್ತದೆ. ಕೊಡಗಿನವರು ಇದರ ರಸವನ್ನು ಕಪ್ಪಗಾಗುವವರೆಗೆ ಕುದಿಸಿ ಕಾಚಂಪುಳಿ ಮಾಡುತ್ತಾರೆ. ಅದು ವರ್ಷಗಟ್ಟಲೆ ಕೆಡುವುದಿಲ್ಲ. ಕೇರಳದವರಿಗೆ ಹೊಗೆಯಲ್ಲಿ ಒಣಗಿಸಿದ ಸಿಪ್ಪೆಯಿಲ್ಲದೆ ಮೀನಿನ ಸಾರು ರುಚಿಸದು. ಉತ್ತರ ಕನ್ನಡದ ಮನೆಗಳಲ್ಲಿ ಬೀಜದಿಂದ ತುಪ್ಪ ತೆಗೆಯುತ್ತಾರೆ. ಇದೇ ಹುಳಿ ಚಿನ್ನ ಬೆಳ್ಳಿ ಬೆಳಗುವುದಕ್ಕೂ, ರಬ್ಬರ್ ಹಾಲು ಹೆಪ್ಪುಗಟ್ಟಿಸುವುದಕ್ಕೂ ಒದಗುತ್ತದೆ.

ಈ ಹುಳಿಯನ್ನು ಬಹುಕಾಲ ಹುಣಿಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಅಥವಾ ನಿಂಬೆಯ ಸಿಟ್ರಿಕ್ ಆಮ್ಲವೆಂದೇ ತಿಳಿಯಲಾಗಿತ್ತು. ಇದು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ತೋರಿಸಿಕೊಟ್ಟವರು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್. ಒಣ ಸಿಪ್ಪೆಯ ತೂಕದಲ್ಲಿ ಶೇಕಡಾ 10ರಿಂದ 30ರಷ್ಟು ಈ ಆಮ್ಲವೇ ಇರುತ್ತದೆ.

ಇದು ಮೈ ತೂಕ ಇಳಿಸುತ್ತದೆಂಬ ಪ್ರಚಾರ ಹೊರದೇಶಗಳಲ್ಲಿ ಹಬ್ಬಿದ ಮೇಲೆ 1990ರ ದಶಕದಲ್ಲಿ ಸಿಪ್ಪೆಗೆ ಎಲ್ಲಿಲ್ಲದ ಬೆಲೆ ಬಂತು. ಆಗ ನಡೆದದ್ದೇನು? ಇನ್ನೊಬ್ಬ ಕೊಯ್ದಾನೆಂಬ ಭಯಕ್ಕೆ ಎಳೆಗಾಯಿಯನ್ನೇ ಉದುರಿಸಿದರು, ಕೊಂಬೆ ಕಡಿದರು. ಜಡಿಮಳೆಯಲ್ಲಿ ಸಿಪ್ಪೆ ಒಣಗಿಸಲು ರಾಶಿ ರಾಶಿ ಸೌದೆ ಸುಟ್ಟರು. ಆ ಪ್ರಚಾರವಾದರೂ ನಿಂತಿತೇ? 1998ರಲ್ಲಿ ಅಮೆರಿಕದಲ್ಲಿ 135 ಮಂದಿಯ ಮೇಲೆ 12 ವಾರ ನಡೆದ ಪರೀಕ್ಷೆಯ ವರದಿ ಬಂದಾಗ, ಬರಿಯ ಸುಳ್ಳುಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಇಂಥ ಮಾತ್ರೆಗಳನ್ನು ನುಂಗಿದ ಕೆಲವರಿಗೆ ಯಕೃತ್ತಿನ ತೊಂದರೆಯಾದ ವರದಿಗಳೂ ಮುಂದೆ ಬಂದವು.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು. ಮಾತ್ರೆಯ ಪೇಟೆಯನ್ನು ನಂಬಿ ಮರ ಹಾಳುಮಾಡುವುದು ಬೇಡ. ಅಡಿಗೆಮನೆಯ ಪೇಟೆ ಸಣ್ಣದಾದರೂ ಸ್ಥಿರವಾದದ್ದು, ತಲೆಮಾರುಗಳಿಂದ ನಡೆದುಬಂದಿದೆ. ಅದನ್ನೇ ಬೆಳೆಸೋಣ.

ಮೊದಲನೆಯದಾಗಿ, ಕಾಡಿನ ಮರಕ್ಕೆ ಕೈಹಾಕುವ ಬದಲು ನಮ್ಮ ತೋಟದ ಅಂಚಿನಲ್ಲಿ, ತಂಪಿರುವ ಹಳ್ಳದ ಬದಿಯಲ್ಲಿ ನಾಲ್ಕಾರು ಗಿಡ ನೆಡೋಣ. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಸಸಿ ಹತ್ತು ವರ್ಷ ಕಾಯಿಸಿ ಕೊನೆಗೆ ಗಂಡಾದರೆ ಶ್ರಮವೆಲ್ಲ ವ್ಯರ್ಥ. ಹೆಣ್ಣು ಮರದ ಕಸಿ ಗಿಡವಾದರೆ ಆ ಅನುಮಾನವಿಲ್ಲ, ಫಲವೂ ಬೇಗ.

ಎರಡನೆಯದಾಗಿ, ಸಂಘವು ಹಣ್ಣಾದ ಸಿಪ್ಪೆಗೆ ಬೇರೆ ದರ, ಎಳೆಗಾಯಿಯದಕ್ಕೆ ಬೇರೆ ದರವಿಟ್ಟು ಕೊಳ್ಳಲಿ. ಎರಡಕ್ಕೂ ಒಂದೇ ದರವಾದರೆ ಹಣ್ಣಾಗುವವರೆಗೆ ಯಾರು ಕಾದಾರು? ಮನೆಮನೆಯಲ್ಲಿ ಹೊಗೆಯೆಬ್ಬಿಸುವ ಬದಲು ಊರಿಗೊಂದು ಒಣಗಿಸುವ ಮನೆಯಾದರೆ ಸೌದೆಯೂ ಉಳಿದೀತು, ಮಾಲೂ ಶುಚಿಯಾದೀತು.

ಕಾಫಿ, ಅಡಿಕೆಯ ದರ ಏರಿಳಿಯುವುದು ನಮಗೆಲ್ಲ ಗೊತ್ತಿದ್ದದ್ದೇ. ಉಪ್ಪಾಗೆ ಆ ನಷ್ಟವನ್ನೆಲ್ಲ ತುಂಬಿಕೊಡದು. ಆದರೆ ಮಳೆಗಾಲದ ಕೈಖರ್ಚಿಗೆ ಆದೀತು, ಮರವೂ ಉಳಿದೀತು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಬೆಳೆಗಾರ ಬಂಧುಗಳು ಈ ವಿಷಯವನ್ನು ಎತ್ತಬೇಕೆಂದು ಕೋರುತ್ತೇನೆ.