ಪೆಲೆಟ್ ಒಲೆ ಎರಡನೇ ಸಲ ಹತ್ತದಿದ್ರೆ ಮೊದಲು ಬೂದಿ ನೋಡ್ರಿ

ದಾವಣಗೆರೆ, ಹರಿಹರದಲ್ಲಿ ಪೆಲೆಟ್ ಒಲೆ ಇಟ್ಟಿರೋ ಪರಿಚಯದ ಮೆಸ್ಸಿನವರ ದೂರು ಒಂದೇ. ಬೆಳಿಗ್ಗೆ ಚಲೋ ಉರೀತದೆ, ಸಂಜೆ ಮತ್ತೆ ಹಚ್ಚಿದ್ರೆ ಬರೀ ಹೊಗೆ. ಮಾರಿದವರನ್ನ ಕೇಳಿದ್ರೆ ಫ್ಯಾನ್ ಬದಲಿಸಿ ಅಂತಾರೆ. ನಾನು ಬಿಚ್ಚಿ ನೋಡಿದ ಒಲೆಗಳಲ್ಲಿ ಫ್ಯಾನ್ ತಿರುಗ್ತಾನೇ ಇತ್ತು, ಗಾಳಿ ಬರೋ ತೂತು ಕಟ್ಟಿದ್ವು.

ನಮ್ದು ಭದ್ರಾ ನೀರಿನ ಭತ್ತದ ಸೀಮೆ, ಪೆಲೆಟ್ಟಿಗೆ ಹೊಟ್ಟು ಸೇರೋದು ಸಹಜ. 100 ಕೆಜಿ ಹೊಟ್ಟು ಸುಟ್ರೆ 15ರಿಂದ 20 ಕೆಜಿ ಬೂದಿ ಉಳೀತದೆ. ಒಳ್ಳೆ ಮರದ ಪುಡಿಯಾದ್ರೆ 1 ಕೆಜಿ ಆಸುಪಾಸು. ಬೆಂಕಿ ಜೋರಾದಲ್ಲಿ ಆ ಬೂದಿ ಕರಗಿ ಗಾಜಿನಂಥ ಕಿಟ್ಟ ಆಗ್ತದೆ. ಅದರ ಮೇಲೇ ಹೊಸ ಪೆಲೆಟ್ ಸುರಿದ್ರೆ ಎಷ್ಟು ಕಡ್ಡಿ ಗೀರಿದ್ರೂ ಅಷ್ಟೇ.

ಒಲೆ ಪೂರ್ತಿ ತಣ್ಣಗಾದ ಮೇಲೆ ಬೂದಿ ತೆಗೆದು, ತಂತಿಯಿಂದ ತೂತು ಬಿಡಿಸಿ. ಪೆಲೆಟ್ ಟಕ್ಕಂತ ಮುರೀಬೇಕು. ಬೆರಳಲ್ಲೇ ಪುಡಿಯಾದ್ರೆ ತೇವ ಕುಡಿದಿದೆ ಅಂತ ಲೆಕ್ಕ. (ಮಳೆಗಾಲದಲ್ಲಿ ಚೀಲ ನೆಲಕ್ಕೆ ಇಡೋದು ಮೊದಲು ಬಿಡ್ರಿ.) ಫ್ಯಾನು, ಬ್ಯಾಟರಿ ಮಾತು ಆಮೇಲೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂತ್ರಜ್ಞಾನದ 'ಊರ್ಜಾ' ಒಲೆ ಲಕ್ಷಗಟ್ಟಲೆ ಮಾರಾಟ ಆಗಿತ್ತು. ಪೆಲೆಟ್ ದರ ಏರಿದಾಗ ಎಷ್ಟೋ ಮನೆಗಳಲ್ಲಿ ಮೂಲೆ ಸೇರ್ತು. ಈ ಸಲ ಬೂದಿ ಕಾರಣಕ್ಕೆ ಮೆಸ್ಸಿನವರು ಸಿಲಿಂಡರಿಗೆ ವಾಪಸ್ ಹೋದ್ರೆ, ನಮ್ಮ ಹೊಟ್ಟು, ಮೆಕ್ಕೆಜೋಳದ ಬೆಂಡಿಗೆ ಸಿಗಬಹುದಾದ ನಾಲ್ಕು ಕಾಸೂ ಹೋಯ್ತು. ಒಲೆ ಮಾರೋರು ಅಡುಗೆಯವರಿಗೇ ಬೂದಿ ತೆಗೆಯೋದು ತೋರಿಸಿ ಹೋಗ್ಲಿ. ಶೇಕಡಾ ಎಷ್ಟು ಬೂದಿ ಅಂತ ಚೀಲದ ಮೇಲೆ ಅಚ್ಚು ಹಾಕ್ಸೋದಕ್ಕೆ ಪೆಲೆಟ್ಟಿನವರಿಗೆ ದೊಡ್ಡ ಖರ್ಚೇನೂ ಬರಲ್ಲ.